ಹಸಿರು ಹಕ್ಕಳೆ

"ಆಸಿಡ್ಡಿಗೆ ಹಾಕು. ಹಕ್ಕಳೆ ಕಿತ್ತುಹೋಗಿ ಕಲ್ಲು ಮದುಮಗನ ಹಾಗೆ ಹೊಳೀಬೇಕು," ಎಂದರು ಮಾವ.

ಮಾವ ನನ್ನ ತಾಯಿಯ ತಮ್ಮ. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಕಲ್ಲು ತೊಳೆಯುವ ಕೋಣೆಗೆ ಯಜಮಾನರು. ನನಗೆ ಈ ಕೆಲಸ ಕೊಡಿಸಿದವರೂ ಅವರೇ, ದಿನಾ ಅದನ್ನು ನೆನಪಿಸುವವರೂ ಅವರೇ.

ಕಲ್ಲು ಪೆಗ್ಮಟೈಟ್, ದಪ್ಪ ಹರಳುಗಳ ಬಂಡೆಯ ತುಂಡು. ಒಂದು ಮಗ್ಗುಲಲ್ಲಿ ಗೇಣುದ್ದದ ನೀಲಿ ಬೆರಿಲ್ ಹರಳು. ನಾಳೆ ತೆರೆಯುವ ಹೊಸ ಪ್ರದರ್ಶನ ಕೋಣೆಗೆ ಅದೇ ನಾಯಕ. ಹಿಂಬದಿಯ ಪೊಟರೆಯಲ್ಲಿ ಆರ್ಸೆನಿಕ್ ಎಂಬ ವಿಷದ ಅದಿರು ನೀರು ಕುಡಿದು ಕೊಳೆತು, ಉಗುರಗಲದ ಹಸಿರು ಪೊರೆಯಾಗಿ ಬೆರಿಲ್ಲಿನ ಬುಡದವರೆಗೂ ಹಬ್ಬಿತ್ತು. ಅಪರೂಪದ ಆರ್ಸೆನೇಟ್ ಖನಿಜ ಎಂದಿದ್ದರು ಪ್ರಯೋಗಾಲಯದವರು. ನಮ್ಮ ಕಪಾಟುಗಳಲ್ಲಿ ಆ ಜಾತಿಯದು ಮತ್ತೊಂದಿಲ್ಲ. "ಕಲೆ ಥರ ಕಾಣುತ್ತೆ, ತೆಗೆಸಿ," ಎಂದಿದ್ದರು ನಿರ್ದೇಶಕರು.

ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಒಂದಕ್ಕೊಂದು ಆತುಕೊಂಡ ಹಸಿರು ಎಸಳುಗಳು ಬೆಳಕಿಗೆ ಹಲ್ಲು ಕಿರಿಯುತ್ತಿದ್ದವು. ಯಾರಪ್ಪನ ಅಪ್ಪಣೆಯನ್ನೂ ಕೇಳಿ ಹುಟ್ಟಿದ ಹಾಗಿರಲಿಲ್ಲ.

"ಮಾವ, ಇದು ಕೊಳೆ ಅಲ್ಲ."

"ವಿಷದ ಕೂಸು ಕಣೇ ಅದು. ಎತ್ತಿ ಆಡಿಸ್ತೀಯಾ?"

"ಕೈಗವಸು ಹಾಕ್ಕೊಂಡು ಆಡಿಸ್ತೀನಿ."

"ಬಾಯಿಗೂ ಒಂದು ಹಾಕ್ಕೋ. ನಾನು ಊಟ ಮುಗಿಸಿ ಬರೋ ಹೊತ್ತಿಗೆ ತೊಳೆದಿಲ್ಲ ಅಂದ್ರೆ ನಾಳೆಯಿಂದ ಬರಬೇಡ."

ನಮ್ಮಲ್ಲೊಂದು ಪದ್ಧತಿ. ಕಲ್ಲನ್ನು ಪೀಠಕ್ಕೆ ಅಂಟಿಸುವವರೇ ಅದರ ನೋಡುಗರಿಗೆ ಕಾಣುವ ಮುಖ ಯಾವುದೆಂದು ತೀರ್ಮಾನಿಸುತ್ತಾರೆ. ಅಂಟು ಗಟ್ಟಿಯಾದ ಮೇಲೆ ಯಾರೂ ಕೈಹಾಕುವಂತಿಲ್ಲ. ಹಿಂದೊಮ್ಮೆ ಅವಸರಕ್ಕೆ ಕಿತ್ತಾಗ ಹರಳು ಎರಡು ಹೋಳಾಗಿತ್ತಂತೆ. ಆ ಕಥೆಯನ್ನು ನನಗೆ ಹೇಳಿಕೊಟ್ಟವರು ಮಾವನೇ.

ಆಸಿಡ್ ತೊಟ್ಟಿಯ ಮುಚ್ಚಳವನ್ನು ನಾನು ಮುಟ್ಟಲಿಲ್ಲ. ನಾಯಕ ಬೆರಿಲ್ಲನ್ನು ಗೋಡೆಯ ಕಡೆ ತಿರುಗಿಸಿದೆ, ಹಸಿರನ್ನು ಮುಂದಕ್ಕೆ ತಂದೆ, ಮರದ ಪೀಠದ ಗುಳಿಗೆ ಅಂಟು ಸುರಿದು ಕಲ್ಲನ್ನು ಕೂರಿಸಿದೆ. ಅಂಟು ಗಟ್ಟಿಯಾಗುವವರೆಗೂ ಅಲುಗದ ಹಾಗೆ ಒತ್ತಿ ಹಿಡಿದೆ.

ಹಲ್ಲುಕಡ್ಡಿ ಕಚ್ಚಿಕೊಂಡು ಬಂದ ಮಾವ ಬಾಗಿಲಲ್ಲೇ ನಿಂತರು. ಹತ್ತಿರ ಬಂದು ಅಂಟನ್ನು ಉಗುರಿನಿಂದ ಕೆರೆದರು. ಉಗುರು ಜಾರಿತು.

"ಅಯ್ಯೋ ಮೊಂಡೀ! ಕೀಳೋಕೂ ಆಗಲ್ಲ, ಪೀಠದ ಸಮೇತ ಆಸಿಡ್ಡಿಗೆ ಇಳಿಸೋಕೂ ಆಗಲ್ಲ. ಮೇಲಿನವರಿಗೆ ಏನು ಹೇಳಲಿ?"

"ಮುಖ ಆರಿಸಿದ್ದು ನಾನು ಅಂತ ಹೇಳಿ."

"ನಿನ್ನ ಕೆಲಸ ಹೋಗುತ್ತೆ ಕಣೇ! ನಿಮ್ಮಮ್ಮ ಯಾಕೆ ಅಂತ ಕೇಳಿದ್ರೆ?"

ಕೈಗವಸು ಕಳಚಿ ಅವರ ಮೇಜಿನ ಮೇಲಿಟ್ಟೆ.

"ಟಿಕೆಟ್ ತಗೊಂಡು ಬಂದು ನೋಡೋಕೆ ಹೇಳಿ."