ಕುಂಟು ಬಾಗಿಲಿನ ಅಧ್ಯಾಯ

ಕಿಟಕಿಯ ಗಾಜು ನಡುಗುತ್ತಲೇ ಇದೆ, ಅದರಲ್ಲಿ ನನ್ನ ಮೂಗು ಎರಡಾಗಿ ಕಾಣುತ್ತಿದೆ, ಮುಂದಿನ ಸೀಟಿನ ರೆಕ್ಸಿನ್ ಹರಿದಿದೆ, ಒಳಗಿನ ಸ್ಪಂಜನ್ನು ಯಾರೋ ಚೂರು ಚೂರೇ ಕಿತ್ತಿದ್ದಾರೆ, ನಾನೂ ಬೆರಳು ಹಾಕಿ ಒಂದು ಚೂರು ಕಿತ್ತೆ, ಬೇರೆ ಕೆಲಸವಿಲ್ಲದ ಬೆರಳು, ಈಗಷ್ಟೇ ಇದೇ ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಮಾತಾಡಿದೆನಲ್ಲ — ಬೇಡ, ಅದು ಬೇಡ, ಹೊರಗೆ ನೋಡು, ಔಷಧಿ ಅಂಗಡಿ, ಬೀಗ ರಿಪೇರಿ ಮಾಡುವವನು, ಮತ್ತೊಂದು ಔಷಧಿ ಅಂಗಡಿ, ಎಲ್ಲಿ ಬೇಕಾದರೂ ನೋಡು, ಪಕ್ಕಕ್ಕೆ ಮಾತ್ರ ನೋಡಬೇಡ. ಪಕ್ಕದಲ್ಲಿ ಚಿಕ್ಕಮ್ಮ. ಅವಳ ಮಡಿಲಲ್ಲಿ ಚೀಲ, ಚೀಲದ ಮೇಲೆ ಅವಳ ಕಾದಂಬರಿಯ ಹಾಳೆಗಳು, ಕೈಯಲ್ಲಿ ಪೆನ್ಸಿಲ್. ಬಸ್ಸು ಸಿಗ್ನಲ್ಲಿಗೆ ನಿಂತಿತು, ಅವಳು ತಲೆ ಬಗ್ಗಿಸಿ ಪುಟದ ಈ ಮೂಲೆಯಿಂದ ಆ ಮೂಲೆಗೆ ಒಂದು ಗೀಟು ಎಳೆದಳು, ಪುಟ ತಿರುವಿದಳು, ಬಸ್ಸು ಹೊರಟಿತು, ಪೆನ್ಸಿಲ್ ಎತ್ತಿ ಹಿಡಿದು ಕಾದಳು. ಬಸ್ಸು ಓಡುವಾಗ ಎಳೆದರೆ ಸೊಟ್ಟಗಾಗುತ್ತೆ ಕಣೇ, ನಿಂತಾಗಲೇ ಎಳೀಬೇಕು, ಅಂದಳು, ನಾನು ಕೇಳದಿದ್ದರೂ ಅಂದಳು. ಹೊಡೆದು ಹಾಕುವ ಪುಟಕ್ಕೂ ನೆಟ್ಟಗಿನ ಗೀಟೇ ಬೇಕು ನಮ್ಮ ಚಿಕ್ಕಮ್ಮನಿಗೆ, ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿನ ಮೇಲೆ ಫ್ರೇಮು ನೇರ ಮಾಡಿ ಮಾಡಿ ಅವಳಿಗೆ ಸೊಟ್ಟಗಿರುವುದು ಯಾವುದೂ ಕಣ್ಣಿಗೆ ಹಿಡಿಸುವುದಿಲ್ಲ. ಅವಳು ಹೊಡೆದು ಹಾಕುತ್ತಿರುವುದು ಈಗಷ್ಟೇ ಓದುಗರ ಕೂಟದಲ್ಲಿ ನಾನು ಬೇಡವೆಂದ ಅಧ್ಯಾಯವನ್ನು. ಅದು ಅವಳದೇ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಿದೆ, ನನಗೆ ಗೊತ್ತಿತ್ತು ಎನ್ನುವುದು ಅವಳಿಗೆ ಗೊತ್ತಿಲ್ಲ. ಕಂಡಕ್ಟರ್ ಮುಂದೆ ಬನ್ನಿ ಮುಂದೆ ಬನ್ನಿ ಎನ್ನುತ್ತಿದ್ದಾನೆ, ಮುಂದೆ ಜಾಗವೇ ಇಲ್ಲ.

ಬರೆದವರ ಹೆಸರು ಹೇಳದಿರುವುದು ಕೂಟ ನಡೆಸುವ ಮೇಷ್ಟ್ರ ನಿಯಮ, ಒಳ್ಳೆಯ ನಿಯಮವೇ, ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ಕೂಟ, ಓದುವವರೂ ಮಾತಾಡುವವರೂ ನಮ್ಮ ವಯಸ್ಸಿನ ಹುಡುಗ ಹುಡುಗಿಯರೇ ಆಗಬೇಕು, ಪುಸ್ತಕವಾಗಲಿ ಹಸ್ತಪ್ರತಿಯಾಗಲಿ ಬ್ರೌನ್ ಶೀಟಿನ ಬೈಂಡು ಹಾಕಿ ಬರೆದವರ ಹೆಸರು ಮುಚ್ಚಿಯೇ ಕೈಗೆ ಕೊಡುತ್ತಾರೆ, ಮುಖ ನೋಡಿ ಮಣೆ ಹಾಕಬಾರದು ಅನ್ನುತ್ತಾರೆ, ಎಲ್ಲರ ಮಾತೂ ಮುಗಿದ ಮೇಲೆ ಬೈಂಡು ಬಿಚ್ಚುವುದು, ಬರೆದವರು ಅಲ್ಲೇ ಇದ್ದರೆ ಎದ್ದು ನಿಲ್ಲುವುದು, ಕೊನೆಯ ಬೆಂಚಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಪ್ರಕಾಶಕರು ನಾವು ಮೆಚ್ಚಿದ್ದನ್ನು ಅಚ್ಚು ಹಾಕುವುದು. ಮೇಷ್ಟ್ರು ಜೀವಮಾನವಿಡೀ ಇತಿಹಾಸದ ಪಾಠ ಮಾಡಿದವರು, ಐತಿಹಾಸಿಕ ಕಾದಂಬರಿ ಎಂದರೆ ಪ್ರಾಣ, ನಾನು ಮೊದಲ ಸಲ ಎದ್ದು ನಿಂತಾಗ ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ, ಐತಿಹಾಸಿಕ ಕಾದಂಬರಿಯಲ್ಲಿ ಸತ್ತವರು ನಿಜವಾಗಿ ಸತ್ತಿರುತ್ತಾರೆ, ಫ್ಯಾಂಟಸಿಯಲ್ಲಿ ಸತ್ತವರು ಮೂರನೇ ಭಾಗದಲ್ಲಿ ಎದ್ದು ಬರುತ್ತಾರೆ. ಎಲ್ಲರೂ ನಕ್ಕರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಹೇಳಮ್ಮ ಅಂದರು, ಇನ್ನೊಮ್ಮೆ ಹೇಳಿದೆ, ಅಂದಿನಿಂದ ನನ್ನ ಹೆಸರು ಕತ್ತರಿ. ಬಾ ಕತ್ತರಿ, ಇವತ್ತು ಯಾರ ಬಾಲ ಕತ್ತರಿಸ್ತೀಯ. ಹೆಸರು ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆಯಬೇಕು, ಹಾರುವ ಕುದುರೆ ಬಂದರೆ ರೆಕ್ಕೆ ಕತ್ತರಿಸು, ಮಂತ್ರದ ಉಂಗುರ ಬಂದರೆ ಬೆರಳು ಕತ್ತರಿಸು. ನಿಜವಾಗಿ ನನ್ನ ಅಭಿಪ್ರಾಯ ಏನು, ಯಾರೂ ಕೇಳದಿರುವಾಗ ನನ್ನದೇ ಆದ ಅಭಿಪ್ರಾಯ — ಐತಿಹಾಸಿಕ ಕಾದಂಬರಿಯಲ್ಲಿ ರಾಜನಿಗೆ ಒಮ್ಮೆಯೂ ನೆಗಡಿಯಾಗುವುದಿಲ್ಲ, ರಾಣಿ ಗಂಡನನ್ನು ಊಟಕ್ಕೆ ಕರೆದರೂ ಶಾಸನ ಓದಿದ ಹಾಗಿರುತ್ತದೆ, ಕತ್ತಿಯ ವರ್ಣನೆಗೆ ನಾಲ್ಕು ಪುಟ, ಆ ಕತ್ತಿಗೆ ಸಿಕ್ಕಿ ಸತ್ತವನ ಹೆಂಡತಿಗೆ ಅರ್ಧ ಸಾಲು, ಯುದ್ಧ ಶುರುವಾದ ಕೂಡಲೇ ನಾನು ಪುಟ ಹಾರಿಸುತ್ತೇನೆ, ಗೆದ್ದವರು ಯಾರೆಂದು ಹಿಂಬದಿಯ ರಕ್ಷಾಪುಟದಲ್ಲೇ ಹಾಕಿರುತ್ತಾರೆ. ಒಂದು ಮಾತ್ರ ಹಾಗಿರಲಿಲ್ಲ, ಮುತ್ತಿಗೆ ಬಿದ್ದ ಕೋಟೆಯ ಅಡುಗೆಯವಳ ಕಥೆ, ಉಪ್ಪು ಮುಗಿದ ದಿನ ಅವಳು ಅತ್ತದ್ದನ್ನು ಯಾರೂ ನೋಡುವುದಿಲ್ಲ, ಅದನ್ನು ಓದಿ ನಾನು ಉಪ್ಪಿನ ಡಬ್ಬಿಯನ್ನು ಎಷ್ಟೋ ಹೊತ್ತು ನೋಡುತ್ತ ನಿಂತಿದ್ದೆ, ಏನೇ ಅದು ಹುಳ ಬಿದ್ದಿದೆಯಾ ಅಂದಳು ಅಮ್ಮ. ಫ್ಯಾಂಟಸಿಯದೂ ಅದೇ ಹಾಡು, ಭುಜದ ಮೇಲೆ ಮಚ್ಚೆ ಇರುವ ಅನಾಥ, ನಾಲಿಗೆ ತಿರುಗದ ಹೆಸರುಗಳು, ಮೊದಲ ಪುಟದಲ್ಲಿ ನಕಾಶೆ, ನಕಾಶೆಯಲ್ಲಿ ಕೆಟ್ಟವರೆಲ್ಲ ಬೆಟ್ಟದ ಆಚೆ, ಆದರೂ ಓದುತ್ತೇನೆ, ಹಾಸಿಗೆಯ ಕೆಳಗೆ ಇಟ್ಟುಕೊಂಡು ಓದುತ್ತೇನೆ, ಅವಕ್ಕೂ ಬ್ರೌನ್ ಶೀಟು ಹಾಕಿ ಮೇಲೆ ಯಾವುದೋ ಸಾಮ್ರಾಜ್ಯದ ಪತನ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ, ಒಳಗೆ ನೋಡಿದರೆ ಮೋಡದ ಮೇಲೆ ಹಡಗು. ನಮ್ಮ ಹುಡುಗಿ ಬರೀ ಚರಿತ್ರೆ ಓದ್ತಾಳೆ ಎಂದು ಅಮ್ಮ ಆಸ್ಪತ್ರೆಯಲ್ಲಿ ಜೊತೆಯ ನರ್ಸುಗಳಿಗೆಲ್ಲ ಹೇಳಿದ್ದಾಳೆ. ನಾಚಿಕೆಗೆಟ್ಟವಳು ನಾನು, ಕಾಗದಕ್ಕೂ ಸುಳ್ಳು ಹೇಳಿಸುತ್ತೇನೆ.

ಮತ್ತೆ ನಿಂತಿತು. ಗೀಟು. ಅವಳು ಒತ್ತಿ ಎಳೆಯುವುದಿಲ್ಲ, ಕಾಗದಕ್ಕೆ ನೋವಾದೀತು ಎನ್ನುವಷ್ಟು ಹಗುರವಾಗಿ, ಆದರೆ ಪೂರ್ತಿ, ಮೂಲೆಯಿಂದ ಮೂಲೆಗೆ. ಬೈಂಡು ಹಾಕಿದ ಹಸ್ತಪ್ರತಿ ಮನೆಗೆ ತಂದ ದಿನ ನಾನೂ ಪೆನ್ಸಿಲ್ ಹಿಡಿದೇ ಕೂತಿದ್ದೆ, ತಪ್ಪು ಹುಡುಕಲು, ಮನೆಗಳ ಬಾಗಿಲುಗಳು ಎದ್ದು ನಡೆದು ಹೋಗುವ ಒಂದು ಊರು, ಚೌಕಟ್ಟು ಅಲ್ಲೇ ಇರುತ್ತದೆ, ಬಾಗಿಲು ಮಾತ್ರ ಬೇಸರವಾದಾಗ ಹೊರಟುಬಿಡುತ್ತದೆ, ಊರಿನವರು ಪರದೆ ಇಳಿಬಿಟ್ಟುಕೊಂಡು ಕಾಯುತ್ತಾರೆ, ಪರವಾಗಿಲ್ಲವಲ್ಲ ಅಂದುಕೊಂಡೆ, ಭುಜದ ಮಚ್ಚೆ ಇಲ್ಲ, ಯುದ್ಧ ಇಲ್ಲ, ಬಾಗಿಲಿಲ್ಲದ ಮನೆಯಲ್ಲಿ ನಾಯಿ ಬಂದು ಪಾತ್ರೆ ನೆಕ್ಕುವ ಚಿಂತೆ ಇದೆ, ಮಾಯಾಲೋಕದಲ್ಲೂ ಪಾತ್ರೆ ತೊಳೆಯುವವರು ಬೇಕಲ್ಲ, ಅದನ್ನು ಮರೆಯದವರ ಬರಹ ನನಗೆ ಹಿಡಿಸುತ್ತದೆ. ಆಮೇಲೆ ಆ ಅಧ್ಯಾಯ. ಕೆಳಗಿನ ತಿರುಗಣಿ ಕಿತ್ತುಹೋಗಿ ಕುಂಟುವ ಒಂದು ಬಾಗಿಲು, ಒಳಗೆ ನಿದ್ದೆ ಬಾರದ ಒಬ್ಬಳು ಪುಟ್ಟಿ, ಟಕ್ ಸರ್ ಟಕ್ ಸರ್ ಎಂದು ಅದು ಬೀದಿ ದಾಟಿ ಹೋಗುತ್ತದೆ — ಟಕ್ ಸರ್, ನನ್ನ ಪೆನ್ಸಿಲ್ ಕೆಳಗೆ ಬಿತ್ತು. ಅಮ್ಮನಿಗೆ ರಾತ್ರಿ ಪಾಳಿ, ನನಗೆ ಐದು ವರ್ಷ, ಬೀಗ ತೆಗೆಯುವ ಸದ್ದು ಕೇಳುವವರೆಗೆ ಕಣ್ಣು ಮುಚ್ಚುವುದಿಲ್ಲ ಎಂದು ಹಟ, ಚಿಕ್ಕಮ್ಮ ಬೆನ್ನು ತಟ್ಟುತ್ತ ಹೇಳುತ್ತಿದ್ದಳು, ನಮ್ಮ ಬಾಗಿಲೇ ಹೋಗಿದೆ ಕಣೇ ಅಮ್ಮನ್ನ ಕರಕೊಂಡು ಬರೋಕೆ, ಪಾಪ ಅದಕ್ಕೆ ಕಾಲು ನೋವು, ನಿಧಾನ ಬರುತ್ತೆ, ನೀನು ಮಲಗು, ಟಕ್ ಸರ್, ಟಕ್ ಸರ್, ಅಲ್ಲಿ ಕೇಳಿಸ್ತಾ. ಬೇರೆ ಯಾರಿಗೂ ಗೊತ್ತಿಲ್ಲದ ಸದ್ದು. ಅದನ್ನು ಅವಳು ಬರೆದಿದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು ಬರೆದಿದ್ದಾಳೆ, ನನಗೆ ಒಂದು ಮಾತೂ ಹೇಳದೆ. ಬಾಗಿಲು ಆಸ್ಪತ್ರೆಯವರೆಗೆ ಹೋಗುತ್ತದೆ, ಒಳಗೆ ಹೋಗಲು ಆಗುವುದಿಲ್ಲ, ಒಂದು ಬಾಗಿಲು ಇನ್ನೊಂದು ಬಾಗಿಲಿನಲ್ಲಿ ಹೇಗೆ ನುಗ್ಗೀತು, ಹೊರಗೆ ಗೋಡೆಗೆ ಒರಗಿ ನಿಂತು ಕಾಯುತ್ತದೆ, ಹೋಗಿ ಬರುವವರು ಯಾರೋ ರಿಪೇರಿಗೆ ತಂದದ್ದು ಅಂದುಕೊಳ್ಳುತ್ತಾರೆ. ನಾನು ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ, ದಿಂಬು ಕಚ್ಚಿಕೊಂಡು, ಯಾವ ಸಾಮ್ರಾಜ್ಯದ ಪತನಕ್ಕೂ ಅಷ್ಟು ಅತ್ತಿಲ್ಲ. ಆಮೇಲೆ ಎದ್ದು ಮುಖ ತೊಳೆದೆ, ಕನ್ನಡಿಯ ಮುಂದೆ ನಿಂತೆ, ಮುಖ ಒರೆಸುತ್ತ ಒರೆಸುತ್ತ ಒಂದು ವಾಕ್ಯ ಹೊಳೆಯಿತು, ಎಷ್ಟು ಚೆನ್ನಾಗಿತ್ತು ಆ ವಾಕ್ಯ, ಕಣ್ಣು ಇನ್ನೂ ಕೆಂಪಗಿದ್ದಾಗಲೇ ಹೊಳೆಯಿತು, ಬೆರಳು ಆಡಿಸುತ್ತ ಹೇಳಿ ನೋಡಿದೆ. ಅವಳದು ಎಂದು ಗೊತ್ತಾದ ಕೂಡಲೇ ಮೇಷ್ಟ್ರಿಗೆ ಹೇಳಿ ಹಿಂದೆ ಸರಿಯಬೇಕಿತ್ತು, ಬೇರೆಯವರಿಗೆ ಕೊಡಿ ಸರ್ ಅನ್ನಬೇಕಿತ್ತು, ಅದೂ ನಿಯಮವೇ. ಹೊಗಳಿದರೆ ಚಿಕ್ಕಮ್ಮನದು ಅಂತ ಹೊಗಳಿದಳು ಅಂತಾರೆ, ಇದು ನಾನು ನನಗೆ ಕೊಟ್ಟುಕೊಂಡ ನೆಪ, ಚಂದದ ನೆಪ, ನ್ಯಾಯದ ಹಾಗೆ ಕಾಣುತ್ತದೆ, ನಿಜ ಅದಲ್ಲ, ನನಗೆ ಆ ನಗು ಬೇಕಿತ್ತು, ಮಹಡಿ ತುಂಬ ಏಳುವ ನಗು. ಮತ್ತು ಅವಳು ಅಲ್ಲೇ ಇದ್ದಳು, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ನಿನ್ನ ಮಾತು ಕೇಳೋಕೆ ಬರ್ತೀನಿ ಎಂದು ರಜೆ ಹಾಕಿ ಬಂದಿದ್ದಳು, ಹೊಸ ಸೀರೆ ಉಟ್ಟಿದ್ದಳು, ಸೆರಗಿಗೆ ಹಾಕಿದ ಪಿನ್ನನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ಎದ್ದೆ, ಬೆರಳೆತ್ತಿದೆ, ಇದನ್ನು ಬರೆದವರಿಗೆ ಮಕ್ಕಳನ್ನು ಮಲಗಿಸಿ ಗೊತ್ತಿದೆ, ಎಬ್ಬಿಸಿ ಗೊತ್ತಿಲ್ಲ, ಅಂದೆ. ಕುಂಟು ಬಾಗಿಲಿನ ಅಧ್ಯಾಯ ತೆಗೆದು ಹಾಕಿದರೆ ಪುಸ್ತಕಕ್ಕೆ ಕಾಲು ಬಂದೀತು, ಅಂದೆ. ನಕ್ಕರು, ಬೆಂಚು ತಟ್ಟಿ ನಕ್ಕರು, ಮೇಷ್ಟ್ರು ಭಲೇ ಕತ್ತರಿ ಅಂದರು, ಪ್ರಕಾಶಕರು ಕಾಲು ಕೆಳಗಿಳಿಸಿ ಏನೋ ಬರೆದುಕೊಂಡರು. ನಾನು ಕಿಟಕಿಯ ಕಡೆ ತಿರುಗಲಿಲ್ಲ. ಬೈಂಡು ಬಿಚ್ಚಿದರು, ಹೆಸರು ಓದಿದರು, ಚಿಕ್ಕಮ್ಮ ಹಾಜರಿ ಕರೆದಾಗ ಏಳುವ ಮಗುವಿನ ಹಾಗೆ ಥಟ್ಟನೆ ಎದ್ದು ನಾನೇ ಸರ್ ಅಂದಳು, ಅಯ್ಯೋ ನಿಮ್ಮವರೇನಮ್ಮ ಅಂದರು ಮೇಷ್ಟ್ರು ನನ್ನ ಕಡೆ ನೋಡಿ, ನಾನು ಆಶ್ಚರ್ಯಪಟ್ಟೆ. ಆಶ್ಚರ್ಯಪಟ್ಟ ಹಾಗೆ ಮಾಡಿದೆ, ಬಾಯಿಗೆ ಕೈ ಅಡ್ಡ ಹಿಡಿದೆ, ಹೇಳಿದ್ದಕ್ಕಿಂತ ಅದು ಹೆಚ್ಚು ಸುಡುತ್ತಿದೆ, ಆ ಕೈ. ಚಿಕ್ಕಮ್ಮ ನನ್ನನ್ನು ನೋಡಿ ನಕ್ಕು, ಬಿಚ್ಚಿದ ಬ್ರೌನ್ ಶೀಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸು ಸೇತುವೆ ಹತ್ತುತ್ತಿದೆ, ಇಲ್ಲಿ ನಿಲ್ಲುವುದಿಲ್ಲ, ಈ ಸೇತುವೆ ಉದ್ದವಾಗಿರಲಿ. ಒಂದು ಮಾತು ಹೇಳ್ಲಾ, ಅಂದಳು ಚಿಕ್ಕಮ್ಮ, ಅಂಗಡಿಯವರಿಗೆ ಓದೋಕೆ ಕೊಟ್ಟಿದ್ದೆ, ನಿಮ್ಮಮ್ಮನಿಗೆ ಒಂದಿಷ್ಟು ಓದಿ ಹೇಳಿದ್ದೆ, ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಲೇ ಅಂದ್ರು, ನನ್ನ ಮನಸ್ಸು ನೋಯಬಾರದು ಅಂತ, ಬರೆದಿದ್ದು ನಾನು ಅಂತ ಗೊತ್ತಿಲ್ಲದೆ ನೀನು ಹೇಳಿದೆಯಲ್ಲ, ಅದು ಖರೆ ಮಾತು, ಅದೊಂದೇ ನನಗೆ ಬೇಕಾಗಿದ್ದು. ಖರೆ ಮಾತು. ಅತ್ತಿದ್ದು ಖರೆ, ಚಿಕ್ಕಮ್ಮ, ಹೇಳಿದ್ದಲ್ಲ. ಪ್ರಕಾಶಕರು ಮೆಟ್ಟಿಲ ಹತ್ತಿರ ನಿಂತು ಹೇಳಿದರಂತೆ, ಹುಡುಗಿ ಹೇಳಿದ್ದು ಸರಿ, ಆ ಬಾಗಿಲು ತೆಗೀರಿ, ಊರನ್ನ ಯಾವುದಾದರೂ ರಾಜರ ಕಾಲಕ್ಕೆ ತಗೊಂಡು ಹೋಗಿ, ಈಗ ಅದೇ ಓಡೋದು, ಸೋಮವಾರ ತಂದುಕೊಡಿ ನೋಡೋಣ. ಕೋಟೆ ಬಾಗಿಲು ಅಂತ ಮಾಡಿದ್ರೆ ಅದು ನಡೆಯೋದೇ ಬೇಡ ಅಲ್ವಾ, ನಿಂತಲ್ಲೇ ನಿಂತಿದ್ರಾಯ್ತು, ಅಂತ ಚಿಕ್ಕಮ್ಮ ನಕ್ಕಳು, ನಾನೂ ನಕ್ಕೆ, ನನ್ನ ಬಾಯಿ ಯಾರು ಹೇಳಿದರೂ ನಗುತ್ತದೆ. ರಾಜನಿಗೆ ನೆಗಡಿಯಾಗದ ಇನ್ನೊಂದು ಪುಸ್ತಕ, ಅದನ್ನು ಅವಳ ಕೈಯಲ್ಲಿ ನಾನು ಬರೆಸುತ್ತಿದ್ದೇನೆ, ಮೇಷ್ಟ್ರು ಮೆಚ್ಚುತ್ತಾರೆ, ನಾನು ಎದ್ದು ಅದನ್ನು ಹೊಗಳುತ್ತೇನೆ, ಹೊಗಳದೆ ಏನು ಮಾಡಲಿ. ಈಗ ಹೇಳಿಬಿಡು, ಒಂದೇ ಉಸಿರಿಗೆ, ಆ ಅಧ್ಯಾಯ ಇರಲಿ, ಅದೇ ಪುಸ್ತಕದ ಜೀವ, ಅನ್ನು. ಯಾಕೆ ಈಗ ಹೀಗಂತೀಯ, ನಾನು ಅಂತ ಗೊತ್ತಾಯ್ತು ಅಂತಾನಾ, ಅಂತಾಳೆ, ನನ್ನನ್ನೂ ಆ ಚೆನ್ನಾಗಿದೆ ಚೆನ್ನಾಗಿದೆ ಎನ್ನುವವರ ಸಾಲಿಗೆ ಸೇರಿಸುತ್ತಾಳೆ, ನಂಬುವುದಿಲ್ಲ. ನಂಬಬೇಕಾದರೆ ಇನ್ನೊಂದನ್ನು ಹೇಳಬೇಕು, ನನಗೆ ಮೊದಲೇ ಗೊತ್ತಿತ್ತು, ಟಕ್ ಸರ್ ಕೇಳಿದ ಕೂಡಲೇ ಗೊತ್ತಾಯಿತು, ಬಿಕ್ಕಿ ಅತ್ತೆ, ಅತ್ತ ಮೇಲೂ ಹೇಳಿದೆ. ಅದನ್ನು ಹೇಳಿದರೆ ಈ ಮುಖ ಏನಾಗುತ್ತದೆ, ನನ್ನನ್ನು ನೋಡಿ ನಗುವ ಈ ಮುಖ. ಪೆನ್ಸಿಲ್ ತಾನೆ, ಅಳಿಸಬಹುದು, ನಾಳೆ ಹೇಳೋಣ, ಮನೆಗೆ ಹೋಗಿ, ಊಟ ಆದ ಮೇಲೆ, ಇಲ್ಲ, ನನಗೆ ನಾನು ಗೊತ್ತಿಲ್ಲವೇ, ನಾಳೆ ನಾನು ಇನ್ನೊಂದು ನೆಪ ಹುಡುಕಿರುತ್ತೇನೆ, ಅದೂ ಚಂದದ್ದೇ ಇರುತ್ತದೆ. ಅವಳ ಬೆರಳು ಪುಟ ಎಣಿಸುತ್ತಿದೆ, ಉಳಿದಿರುವುದು ಒಂದೇ ಹಾಳೆ, ನನಗೆ ಓದಲು ಕಾಣುತ್ತಿದೆ, ಪಾಳಿ ಮುಗಿದು ತಾಯಿ ಹೊರಗೆ ಬರುತ್ತಾಳೆ, ಗೋಡೆಗೆ ಒರಗಿದ ಬಾಗಿಲನ್ನು ನೋಡುತ್ತಾಳೆ, ಗುರುತು ಹಿಡಿಯುತ್ತಾಳೆ, ನೀನ್ಯಾಕೆ ಬಂದೆ ಮಗು ಒಂದೇ ಇದೆಯಲ್ಲ ಎಂದು ಬೈಯುತ್ತಲೇ ಅದರ ಕುಂಟುಗಾಲಿನ ಪಕ್ಕಕ್ಕೆ ಹೆಗಲು ಕೊಡುತ್ತಾಳೆ, ಇಬ್ಬರೂ ನಡೆಯುತ್ತಾರೆ. ಸೇತುವೆ ಇಳಿಯಿತು. ಮುಂದೆ ಕೆಂಪು ದೀಪ. ಬ್ರೇಕು ಕಿರುಗುಟ್ಟುತ್ತಿದೆ, ಜನ ಒಬ್ಬರ ಮೇಲೊಬ್ಬರು ವಾಲುತ್ತಿದ್ದಾರೆ, ಕರೆದೆ, ಜೋರಾಗಿಯೇ ಕರೆದೆ, ಚಿಕ್ಕಮ್ಮ. ಅವಳು ತಲೆ ಎತ್ತಲಿಲ್ಲ. ತಡಿ ಪುಟ್ಟಿ, ಬಸ್ಸು ನಿಂತಿದೆ, ಇದೊಂದು ಎಳೆದುಬಿಡ್ತೀನಿ, ಅಂದಳು. ಮೊನೆ ಮೇಲಿನ ಮೂಲೆಗೆ ತಗುಲಿತು, ಹೊರಟಿತು, ನೆಟ್ಟಗೆ, ಹಗುರವಾಗಿ, ಆಸ್ಪತ್ರೆಯ ಗೋಡೆ, ಗೋಡೆಗೆ ಒರಗಿದ ಬಾಗಿಲು, ತಾಯಿಯ ಹೆಗಲು, ಗೀಟು, ಇನ್ನೂ ಗೀಟು