ಮಾವನ ವಿಮಾನದ ಮುಚ್ಚಳ

ಬೆಳಗಿನ ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ, ಕಪಾಟಿನಲ್ಲಿ ಸಾಲಾಗಿ ಕೂತಿದ್ದ ಕನ್ನಡಕಗಳೆಲ್ಲ ಎದುರಿನ ಗೋಡೆಯ ಮೇಲೆ ಬೆಳಕಿನ ಬಿಲ್ಲೆಗಳನ್ನು ಚೆಲ್ಲುತ್ತಿದ್ದವು. ರಸ್ತೆಯಲ್ಲಿ ಲಾರಿ ಹೋದರೆ ಬಿಲ್ಲೆಗಳು ನಡುಗುತ್ತಿದ್ದವು. ನನ್ನ ಮಾವ ಪದ್ಮರಾಜಯ್ಯನವರು ಆಗ ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಯತ್ತ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದರು. ಬಿಸಿಲು ಮೇಲೇರಿ ಬಿಲ್ಲೆಗಳು ಒಂದೊಂದಾಗಿ ಅಳಿಸಿಹೋಗುವವರೆಗೆ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ನಾನು ಮದುವೆಯಾಗಿ ಆ ಮನೆಗೆ ಬಂದ ಹೊಸತು. ಇದೂ ಒಂದು ಬಗೆಯ ಪ್ರಾರ್ಥನೆಯಿರಬೇಕು ಎಂದುಕೊಂಡಿದ್ದೆ.

ಕೆಳಗೆ ಕನ್ನಡಕದ ಅಂಗಡಿ, ಮೇಲೆ ಮನೆ. ಬಂದವರ ಕಣ್ಣು ಪರೀಕ್ಷಿಸಿ ನಂಬರು ಹೇಳುವ ಕೆಲಸವನ್ನು ಆ ಹೊತ್ತಿಗಾಗಲೇ ನನ್ನ ಗಂಡ ಸನ್ಮತಿ ವಹಿಸಿಕೊಂಡಿದ್ದರು. ಫ್ರೇಮು ಬಿಸಿಮಾಡಿ ಬಗ್ಗಿಸುವುದು, ಕಿವಿಗೆ ಒತ್ತುವ ಕಡ್ಡಿಯನ್ನು ಸರಿಮಾಡುವುದು ಮಾವನ ಪಾಲಿನದು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಮಾವ ಹೆಚ್ಚು ಮಾತಿನವರಲ್ಲ. ಮಾತಾಡಿದಾಗಲೂ ಅವರ ನೋಟ ನನ್ನ ಮುಖದ ಮೇಲಿರದೆ ಕಿವಿಯಾಚೆ ಎಲ್ಲೋ ನಿಂತಿರುತ್ತಿತ್ತು. ಸೊಸೆಯ ಮುಖವನ್ನು ನೇರ ನೋಡಬಾರದೆಂಬ ಹಳೆಯ ಕಾಲದ ಸಂಕೋಚ ಎಂದು ನಾನೇ ಒಂದು ಅರ್ಥ ಹಚ್ಚಿಕೊಂಡು ಸುಮ್ಮನಾಗಿದ್ದೆ.

ಅವರಿಗೊಂದು ಹವ್ಯಾಸವಿತ್ತು. ರಿಮೋಟಿನಿಂದ ಹಾರುವ ಪುಟ್ಟ ವಿಮಾನಗಳನ್ನು ತಾವೇ ಕಟ್ಟಿ, ಭಾನುವಾರ ಬೆಳಿಗ್ಗೆ ಹಳೆಯ ಇಟ್ಟಿಗೆ ಗೂಡುಗಳ ಆಚೆಯ ಬಯಲಿಗೆ ಒಯ್ದು ಹಾರಿಸುತ್ತಿದ್ದರು. ಜೊತೆಗಾರರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಇನಾಯತುಲ್ಲಾ. ಸನ್ಮತಿಗೆ ಇದರಲ್ಲಿ ಆಸಕ್ತಿಯಿರಲಿಲ್ಲ. "ಅಪ್ಪನ ಆಟಿಕೆ" ಎಂದು ನಕ್ಕು ಬಿಡುತ್ತಿದ್ದರು. ನನಗೋ, ಮುಚ್ಚಿದ ಬಾಗಿಲು ಕಂಡರೆ ಒಳಗೇನಿದೆಯೆಂದು ನೋಡುವ ಚಪಲ. ಮಹಡಿಯ ಮೂಲೆಯ ಕೋಣೆಯಿಂದ ಮರದ ಪುಡಿಯ ವಾಸನೆ ಬಂದಾಗಲೆಲ್ಲ ಏನಾದರೂ ನೆಪ ಮಾಡಿಕೊಂಡು ಇಣುಕುತ್ತಿದ್ದೆ.

ಒಂದು ಮಧ್ಯಾಹ್ನ ಮಾವನೇ ಕರೆದರು.

"ಬಾಮ್ಮ ಇಲ್ಲಿ. ನೀನು ರವಿಕೆ ಹೊಲೀತೀಯಲ್ಲ, ಕತ್ತರಿ ಹಿಡಿಯೋ ಕೈ ಚೆನ್ನಾಗಿರ್ಬೇಕು. ಒಂದು ಕೆಲಸ ಮಾಡಿಕೊಡ್ತೀಯಾ?"

ಮೇಜಿನ ಮೇಲೆ ಹಳದಿ ವಿಮಾನವೊಂದು ಹೆಚ್ಚುಕಡಿಮೆ ಮುಗಿದು ನಿಂತಿತ್ತು. ನಾನು ಎರಡೂ ಕೈ ಚಾಚಿದರೆ ಆಗುವಷ್ಟು ಅಗಲದ ರೆಕ್ಕೆ. ಪೈಲಟ್ ಕೂರುವ ಜಾಗ ಮಾತ್ರ ಬಾಯಿ ತೆರೆದುಕೊಂಡಿತ್ತು. ಅದರ ಮೇಲೆ ಕೂರಿಸಬೇಕಾದ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳವನ್ನು ಮಾವ ನನ್ನ ಕೈಗಿತ್ತರು. ಕ್ಯಾನೊಪಿ ಅಂತಾರೆ ಇದಕ್ಕೆ, ಎಂದರು. ಅದು ನೀರಿನ ಗುಳ್ಳೆಯಂತಿತ್ತು, ಸುತ್ತ ಬೇಡದ ಅಂಚು ಬಿಟ್ಟುಕೊಂಡಿತ್ತು.

"ಇದನ್ನ ವಿಮಾನದ ಮೈಮೇಲೆ ಇಟ್ಟು ಗೆರೆ ಎಳ್ಕೋ. ಗೆರೆಯ ಹೊರಗೇ ಕತ್ತರಿಸು, ಒಳಗೆ ಹೋಗ್ಬೇಡ. ಹೆಚ್ಚಾಗಿ ಉಳಿದದ್ದನ್ನ ಉಜ್ಜಿ ತೆಗೀಬಹುದು, ಕಮ್ಮಿಯಾದ್ರೆ ಹಾಕೋಕಾಗಲ್ಲ."

"ಇಷ್ಟು ಕಷ್ಟ ಯಾಕೆ ಮಾವ? ಇನಾಯತ್ ಮೇಷ್ಟ್ರು ತಮ್ಮ ವಿಮಾನಕ್ಕೆ ಮರದ್ದೇ ಮುಚ್ಚಳ ಮಾಡಿ ನೀಲಿ ಬಣ್ಣ ಹೊಡೆದಿದ್ದಾರಂತಲ್ಲ."

"ಅದು ಅವರ ವಿಮಾನ. ಇದು ಗಾಜಿನ ಹಾಗೇ ಇರ್ಬೇಕು. ಒಂದು ಗೀರು ಇರಬಾರ್ದು, ಒಂದು ಬೆರಳಿನ ಗುರುತು ಇರಬಾರ್ದು."

ಕತ್ತರಿಸುವುದು ನನಗೆ ಕಷ್ಟವಾಗಲಿಲ್ಲ. ರವಿಕೆಯ ಕಂಕುಳಿನ ಸುತ್ತು ಕತ್ತರಿಸಿದ ಕೈಗೆ ಈ ತಿರುವುಗಳು ಹೊಸತಲ್ಲ. ಆದರೆ ಅಂಟಿಸುವಾಗ ಹಿಂದಿನ ತುದಿ ಏಳತೊಡಗಿತು. ಒತ್ತಿ ಹಿಡಿದು ಹಿಡಿದು ಸಾಕಾಗಿ, ಮೇಜಿನ ಮೇಲಿದ್ದ ಚಿಟಿಕೆ ಹೊಡೆಯುವಷ್ಟರಲ್ಲಿ ಅಂಟಿಕೊಳ್ಳುವ ಗೋಂದನ್ನು ಎರಡು ಹನಿ ಹಾಕಿದೆ. ತುದಿ ಕಚ್ಚಿಕೊಂಡಿತು. ಸಮಾಧಾನದಿಂದ ಉಸಿರು ಬಿಡುವಷ್ಟರಲ್ಲಿ ಒಳಗಿನಿಂದ ಬೆಳ್ಳನೆಯ ಪೊರೆಯೊಂದು ಏಳತೊಡಗಿತು. ಚಳಿಗಾಲದ ಬೆಳಿಗ್ಗೆ ಕಿಟಕಿಗೆ ಮಂಜು ಹಿಡಿದಂತೆ ಅದು ನನ್ನ ಕಣ್ಣೆದುರೇ ಮುಚ್ಚಳದ ಅರ್ಧವನ್ನು ನುಂಗಿತು. ಒರೆಸಿದರೆ ಹೋಗಲಿಲ್ಲ.

"ಮಾವ, ಬೆಳ್ಳಗಾಗೋಯ್ತು."

ಅವರು ಹತ್ತಿರ ಬಂದು ಅದರ ಮೇಲೆ ಬೆರಳಾಡಿಸಿದರು. "ಯಾವ ಗೋಂದು ಹಾಕ್ದೆ?" ಎಂದು ಕೇಳಿ, ನಾನು ಹೇಳಿದ ಮೇಲೆ, "ಅದರ ಆವಿ ಹೀಗೇ ಮಾಡೋದು. ನಾನು ಮೊದಲೇ ಹೇಳ್ಬೇಕಿತ್ತು. ಎಲ್ಲೀತನಕ ಹಬ್ಬಿದೆ?" ಎಂದರು.

ಮುಚ್ಚಳ ಅವರ ಮೂಗಿನ ಕೆಳಗೇ ಇತ್ತು. ಎಲ್ಲೀತನಕ ಎಂದು ನನ್ನನ್ನೇಕೆ ಕೇಳಬೇಕು ಎಂಬುದು ನನಗೆ ಬಗೆಹರಿಯಲಿಲ್ಲ. ಅವರು ವಿಮಾನವನ್ನು ಎತ್ತಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿದು ಅತ್ತಿತ್ತ ತಿರುಗಿಸಿದರು. ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಬೀಳಲಿಲ್ಲ.

"ಬೆಳಕು ಹಿಡೀತಿಲ್ಲ" ಎಂದು ಕುರ್ಚಿಯಲ್ಲಿ ಕುಸಿದರು. ಒಂದು ಪ್ಲಾಸ್ಟಿಕ್ ಮುಚ್ಚಳಕ್ಕಾಗಿ ಮನುಷ್ಯನ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮಾರನೆಯ ದಿನ ಅವರೇ ಮತ್ತೆ ಶುರುಮಾಡಿದರು. ಮೆತ್ತನೆಯ ಮರದ ತುಂಡನ್ನು ಮುಚ್ಚಳದ ಆಕಾರಕ್ಕೆ ಕೆತ್ತಿ, ಹೆಬ್ಬೆರಳಿನಿಂದ ಸವರಿ ಸವರಿ ನುಣುಪು ಮಾಡಿದರು. ಸೋಡಾದ ದೊಡ್ಡ ಪ್ಲಾಸ್ಟಿಕ್ ಬಾಟಲಿಯೊಂದರ ತಳ ಕತ್ತರಿಸಿ ಅದರೊಳಗೆ ಈ ಅಚ್ಚನ್ನು ತೂರಿಸಿ, ಫ್ರೇಮು ಬಿಸಿಮಾಡುವ ಯಂತ್ರದ ಬಿಸಿಗಾಳಿಗೆ ಹಿಡಿದರು. ಬಾಟಲಿ ಮುದುಡುತ್ತ ಬಂದು ಮರವನ್ನು ಬಿಗಿಯಾಗಿ ತಬ್ಬಿಕೊಂಡಿತು. ಹೊಸ ಮುಚ್ಚಳ ಮೊದಲಿನದಕ್ಕಿಂತ ಹೊಳಪಾಗಿತ್ತು.

ಈ ಸಲ ಅವರು ಹೇಳಿದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದೆ. ಸೋಪಿನ ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅಂಚನ್ನು ಮಾತ್ರ ಹಿಡಿದೆ. ಗೋಂದು ತಾಗುವ ಸಣ್ಣ ಪಟ್ಟಿಯನ್ನು ಬಿಟ್ಟು ಮಿಕ್ಕೆಲ್ಲ ಕಡೆ ಕಾಗದದ ಟೇಪು ಹಚ್ಚಿದೆ. ಆ ಪಟ್ಟಿಯನ್ನು ಉಪ್ಪುಕಾಗದದಿಂದ ತುಸು ಒರಟು ಮಾಡಿ, ಒಣಗಿದರೆ ನೀರಿನಂತೆ ತಿಳಿಯಾಗುವ ಬಿಳಿ ಗೋಂದನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎಳೆದೆ. ಮುಚ್ಚುವ ಮೊದಲು ಕೇಳಿದೆ:

"ಒಳಗೆ ಪೈಲಟ್ ಬೊಂಬೆ ಕೂರಿಸಲ್ವಾ ಮಾವ? ಒಂದ್ಸಲ ಅಂಟಿಸಿದ ಮೇಲೆ ಆಗಲ್ಲ."

"ಬೇಡ. ಒಳಗೆಲ್ಲ ಕಪ್ಪು ಬಣ್ಣ ಬಳಿದಿದ್ದೀನಿ ನೋಡು. ಕಪ್ಪಿನ ಮೇಲಾದ್ರೆ ಗಾಜು ಚೆನ್ನಾಗಿ ಹೊಳೆಯುತ್ತೆ."

ಸುತ್ತಲೂ ಟೇಪಿನ ತುಂಡುಗಳಿಂದ ಬಿಗಿದು ಒಣಗಲು ಬಿಟ್ಟೆವು. ಬೆಳಿಗ್ಗೆ ಟೇಪುಗಳನ್ನು ಬಿಡಿಸಿ, ಅಂಚಿಗೆ ಕೆಂಪು ಪಟ್ಟಿಯೊಂದನ್ನು ಸುತ್ತಿ, ಕಿಟಕಿಯ ಹತ್ತಿರ ಒಯ್ದೆ. ಬೆಳಕಿನ ದೊಡ್ಡ ಬಿಲ್ಲೆಯೊಂದು ಗೋಡೆ ಹತ್ತಿ ಸೂರಿನಲ್ಲಿ ಓಡಾಡಿತು. ಮಾವ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಅದನ್ನು ಹಿಂಬಾಲಿಸಿದರು. "ಹಾಂ, ಈಗ ಸರಿ" ಎಂದರು. ನಾನು ಬಂದಾಗಿನಿಂದ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಭಾನುವಾರ ನಾನೂ ಬರುತ್ತೇನೆಂದೆ. ಸನ್ಮತಿ ಆಶ್ಚರ್ಯಪಟ್ಟರು, ಮಾವ ಪಡಲಿಲ್ಲ. ಬಯಲಿನಲ್ಲಿ ಇನಾಯತ್ ಮೇಷ್ಟ್ರು ಆಗಲೇ ಬಂದು ಹುಲ್ಲಿನ ಮೇಲೆ ಕೂತಿದ್ದರು. ಮುಚ್ಚಳವನ್ನು ನೋಡಿ, "ಇದು ಯಾರ ಕೈಕೆಲಸ? ನಿಮ್ಮದಂತೂ ಅಲ್ಲ ಸಾರ್" ಎಂದರು. ದೂರದಲ್ಲಿ, ಬಯಲು ಮುಗಿಯುವಲ್ಲಿ, ಹೆಂಗಸರು ಬೇಲಿಯ ಮೇಲೆ ಬಟ್ಟೆ ಹರವುತ್ತಿದ್ದರು.

ಮಾವ ಸೂರ್ಯನಿಗೆ ಬೆನ್ನುಮಾಡಿ ನಿಂತು ರಿಮೋಟು ಹಿಡಿದರು. ವಿಮಾನ ಗುಂಯ್‌ಗುಡುತ್ತ ನೆಲ ಬಿಟ್ಟಿತು. ಅವರು ಅದನ್ನು ದೂರ ಕಳಿಸಲಿಲ್ಲ. ನಮ್ಮ ಸುತ್ತಲೇ, ಗಾಣದ ಎತ್ತಿನಂತೆ, ಸುತ್ತು ಹಾಕಿಸಿದರು. ತಿರುಗುವಾಗ ಅದರ ನೆತ್ತಿ ನಮ್ಮತ್ತ ವಾಲುತ್ತಿತ್ತು. ವಾಲಿದಾಗಲೆಲ್ಲ ಮುಚ್ಚಳ ಫಳ್ಳನೆ ಮಿಂಚುತ್ತಿತ್ತು. ನಾನು ವಿಮಾನ ಬಿಟ್ಟು ಮಾವನನ್ನು ನೋಡತೊಡಗಿದೆ. ಅವರ ಮುಖ ವಿಮಾನದ ಕಡೆಗಿರಲಿಲ್ಲ, ಅದರಿಂದ ಒಂದು ಮಾರು ಆಚೆಗಿತ್ತು. ಮಿಂಚಿದಾಗ ಮಾತ್ರ ಗಲ್ಲ ಕೊಂಚ ಅಲುಗುತ್ತಿತ್ತು, ಬೆರಳುಗಳು ಚಲಿಸುತ್ತಿದ್ದವು.

ಆಗ ಮೋಡವೊಂದು ಬಂದು ಬಿಸಿಲನ್ನು ಮುಚ್ಚಿತು. ಬಯಲು ಮಂಕಾಯಿತು. ಮಾವನ ಬೆರಳುಗಳು ನಿಂತವು.

"ಎಲ್ಲಿದೆ?" ಎಂದರು, ನನಗೆ ಮಾತ್ರ ಕೇಳುವಂತೆ.

"ಅಲ್ಲೇ ಇದೆಯಲ್ಲ ಮಾವ, ಎದುರಿಗೇ."

"ನನಗೆ ಕಾಣಲ್ಲಮ್ಮ. ಅದು ಮಿಂಚಿದಾಗ ಅಷ್ಟೇ ನನಗೆ ಕಾಣೋದು. ಎಲ್ಲಿದೆ ಹೇಳು."

ವಿಮಾನ ಸುತ್ತು ಬಿಟ್ಟು ನೇರವಾಗಿ ಬಟ್ಟೆ ಹರವುವ ಹೆಂಗಸರ ಕಡೆಗೆ ಇಳಿಯುತ್ತ ಹೊರಟಿತ್ತು. ಇನಾಯತ್ ಮೇಷ್ಟ್ರು ಎದ್ದು ನಿಂತರು. ನಾನು "ಎಡಕ್ಕೆ" ಎಂದೆ. ವಿಮಾನ ತಿರುಗಿತು. ನಮ್ಮತ್ತ ಮುಖಮಾಡಿದ ಮೇಲೆ ಮತ್ತೆ "ಎಡಕ್ಕೆ" ಎಂದರೆ ಅದು ಬಲಕ್ಕೆ ವಾಲಿತು. ನಾನು ತಬ್ಬಿಬ್ಬಾದೆ.

"ನಿನ್ನ ಎಡ ಬಲ ಬೇಡ" ಎಂದರು ಮಾವ. ದನಿ ಸಾವಧಾನವಾಗಿತ್ತು, ಹಣೆಯಲ್ಲಿ ಬೆವರಿತ್ತು. "ಆ ಮುಚ್ಚಳದೊಳಗೆ ನೀನು ಕೂತಿದ್ದೀಯ ಅಂದ್ಕೋ. ಅಲ್ಲಿಂದ ಹೇಳು."

ನಾನು ಕೂತೆ. ಬೇರೆ ಹೇಗೆ ಹೇಳುವುದೋ ತಿಳಿಯದು. ನನ್ನದೇ ಕೈಯಲ್ಲಿ ಕತ್ತರಿಸಿ ಅಂಟಿಸಿದ ಆ ಗುಳ್ಳೆಯೊಳಗಿನಿಂದ ಬಯಲು ನೋಡಿದೆ. ಹುಲ್ಲಿನ ನಡುವೆ ಇಬ್ಬರು ನಿಂತಿದ್ದರು, ಒಬ್ಬರ ಕೈಯಲ್ಲಿ ರಿಮೋಟಿತ್ತು. "ಬಲಕ್ಕೆ ಸ್ವಲ್ಪ. ಸಾಕು. ಈಗ ನೇರ. ಇಳಿಸಿ. ಇನ್ನೂ ಇಳಿಸಿ. ಮೂಗು ಎತ್ತಿ ಮಾವ, ಎತ್ತಿ." ವಿಮಾನ ಹುಲ್ಲನ್ನು ಸವರಿಕೊಂಡು ಬಂದು, ಒಮ್ಮೆ ಪುಟಿದು, ಒಂದು ರೆಕ್ಕೆ ಊರಿ ನಿಂತಿತು.

ಇನಾಯತ್ ಮೇಷ್ಟ್ರು ವಿಮಾನ ತರುತ್ತೇನೆಂದು ಬೇಕೆಂದೇ ನಿಧಾನವಾಗಿ ನಡೆದುಹೋದರು.

ಮಾವ ಹುಲ್ಲಿನ ಮೇಲೆ ಕೂತರು. "ಕಣ್ಣಿನ ನಡುವೆ ಒಂದು ಮಸಿ ಬಿದ್ದಿದೆ" ಎಂದರು. "ನೇರ ನೋಡಿದ್ದೆಲ್ಲ ಆ ಮಸಿಯೊಳಗೆ ಹೋಗುತ್ತೆ. ಪಕ್ಕದಲ್ಲಿರೋದು ಕಾಣುತ್ತೆ. ಬೇರೆ ಊರಿನ ಡಾಕ್ಟರಿಗೆ ತೋರಿಸಿದೀನಿ. ಇರೋದನ್ನ ಉಳಿಸ್ಕೊಳ್ಳಿ, ಹೋದದ್ದು ಬರಲ್ಲ ಅಂದ್ರು."

ನನ್ನ ಕಿವಿಯಾಚೆ ನಿಲ್ಲುತ್ತಿದ್ದ ಆ ನೋಟದ ಅರ್ಥ ಆಗ ಹೊಳೆಯಿತು. ಅವರು ನನ್ನನ್ನು ನೋಡಲೆಂದೇ ಅತ್ತ ತಿರುಗುತ್ತಿದ್ದರು.

"ಮನೇಲಿ ಯಾಕೆ ಹೇಳ್ಲಿಲ್ಲ?"

"ಊರಿಗೆಲ್ಲ ಕನ್ನಡಕ ಕೊಟ್ಟವನು ನಾನು. ಈ ಮಾತನ್ನ ಎಲ್ಲಿಂದ ಶುರು ಮಾಡ್ಲಿ? ಹೇಳಿದ್ರೆ ಸನ್ಮತಿ ಇದನ್ನ ಕೈಗೆ ಕೊಡ್ತಿರಲಿಲ್ಲ. ಇದೊಂದು ಹಾರೋದನ್ನ ನೋಡ್ಬೇಕು ಅನ್ನಿಸ್ತು, ಅಷ್ಟೆ."

"ಆ ಹೆಂಗಸರಿಗೆ ಬಡಿದಿದ್ರೆ?"

ಅವರು ರಿಮೋಟನ್ನು ಹುಲ್ಲಿನ ಮೇಲಿಟ್ಟರು. "ಹೌದು" ಎಂದರು. "ಅದು ತಪ್ಪು. ಇನ್ನು ಒಬ್ಬನೇ ಹಾರಿಸಲ್ಲ. ನೀನು ಸನ್ಮತಿಗೆ ಹೇಳ್ತೀಯಾ?"

"ನಾನು ಹೇಳಲ್ಲ ಮಾವ. ನೀವೇ ಹೇಳಿ."

ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರು. ನಾನು ಸಾರು ಬಡಿಸುತ್ತಿದ್ದೆ. "ಸನ್ಮತಿ, ನಿನ್ನ ಮುಖ ನೇರಕ್ಕೆ ನೋಡಿದ್ರೆ ನನಗೆ ಕಾಣ್ತಿಲ್ಲ. ಸುಮಾರು ದಿನವಾಯ್ತು" ಎಂದರು, ಅಷ್ಟೇ ಸರಳವಾಗಿ. ನನ್ನ ಗಂಡನ ತುತ್ತು ಕೈಯಲ್ಲೇ ಉಳಿಯಿತು. ದಿನವೂ ಯಾರ್ಯಾರ ಕಣ್ಣಿಗೋ ದೀಪ ಹಿಡಿದು ನೋಡುತ್ತಿದ್ದವರು ಅವರು. ಸಿಟ್ಟು ಮಾಡುತ್ತಾರೆ, ಯಾಕೆ ಮುಚ್ಚಿಟ್ಟಿರಿ ಎಂದು ಕೇಳುತ್ತಾರೆ, ನಾಳೆಯೇ ದೊಡ್ಡಾಸ್ಪತ್ರೆಗೆ ಹೊರಡಿ ಎನ್ನುತ್ತಾರೆ ಎಂದು ನಾನು ಕಾದೆ. ಅದೆಲ್ಲ ಆಮೇಲೆ ಬಂತು.

ಆ ಹೊತ್ತಿನಲ್ಲಿ ಅವರು ತಟ್ಟೆಯನ್ನು ಎತ್ತಿಕೊಂಡು, ತಂದೆಯ ಎದುರಿಗಿದ್ದ ತಮ್ಮ ಮಣೆಯನ್ನು ಕಾಲಿನಿಂದ ಒಂದು ಬದಿಗೆ ಸರಿಸಿ ಕೂತರು. "ಇಲ್ಲಿ?" ಎಂದರು. ಮಾವ ತಲೆಯಾಡಿಸಿದರು, ಇಲ್ಲವೆಂದು. ಇನ್ನಷ್ಟು ಸರಿದರು. "ಇಲ್ಲಿ, ಅಪ್ಪಾ?" ಮತ್ತೂ ಸ್ವಲ್ಪ. ಹೀಗೆ ತಟ್ಟೆ ಹಿಡಿದುಕೊಂಡು ಇಷ್ಟಿಷ್ಟೇ ಜರುಗುತ್ತ ಕಿಟಕಿಯ ಪಕ್ಕಕ್ಕೆ ಬಂದಾಗ, ಎದುರಿನ ಖಾಲಿ ಗೋಡೆಯನ್ನು ನೋಡುತ್ತಿದ್ದ ಮಾವನ ಮುಖ ತಿಳಿಯಾಯಿತು.

"ಹಾಂ" ಎಂದರು. "ಅಲ್ಲೇ ಇರು. ಊಟ ಮಾಡು."