ನೀರಿನಿಂದ ಮಲ್ಲೇಶ್ವರಕ್ಕೆ

ನನ್ನ ಸೋದರಮಾವ ಬದರೀನಾರಾಯಣ ಮನೆಯಲ್ಲಿ ಮಾತಾಡಿದರೆ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ಕಾರಿನಲ್ಲಿ ಕೂತು ಮಾತಾಡಿದರೆ ಗಾಂಧಿ ಬಜಾರಿನ ಹೂವಿನವರೆಲ್ಲ ತಲೆಯೆತ್ತಿ ನೋಡುತ್ತಾರೆ. ಜೀವಮಾನವೆಲ್ಲ ಊರಿಗೆ ನೀರು ಸರಬರಾಜು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದ ಇಂಜಿನಿಯರು. ಸ್ವಭಾವವೂ ನೀರಿನಂತೆಯೇ, ತಣ್ಣಗೆ. ಆದರೆ ಆ ಬಿಳಿ ಸ್ಯಾಂಟ್ರೋದ ಸ್ಟೀರಿಂಗ್ ಕೈಗೆ ಸಿಕ್ಕಿತೋ, ಕುದಿನೀರು.

"ಪೀಂ! ಪೀಂಪೀಂಪೀಂ! ಏಯ್, ಕಣ್ಣೇನು ಶೋಕಿಗೆ ಇಟ್ಕೊಂಡಿದೀಯೇನಯ್ಯಾ? ರೋಡು ನಿಮ್ಮ ತಾತಂದಾ?"

ಇದು ನನ್ನ ಮಿಮಿಕ್ರಿಯ ಅತ್ಯುತ್ತಮ ಐಟಂ. ನಮ್ಮ ಪ್ರಿನ್ಸಿಪಾಲರ ಕೆಮ್ಮು, ಮೆಟ್ರೋದ 'ಮುಂದಿನ ನಿಲ್ದಾಣ'ದ ಹೆಂಗಸು, ಎದುರುಮನೆ ಕುಕ್ಕರಿನ ಮೂರನೇ ಸೀಟಿ, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿವೆ. ಅಪ್ಪ ಅಮ್ಮ ನನಗೆ ಪ್ರಿಯಂವದಾ ಎಂದು ಹೆಸರಿಟ್ಟರು. ಪ್ರಿಯವಾಗಿ ಮಾತಾಡುವವಳು ಎಂದರ್ಥ. ಯಾರ ದನಿಯಲ್ಲಿ ಎಂದು ಅವರು ಹೇಳಿರಲಿಲ್ಲ. ಬಸವನಗುಡಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತ ಮಾವನ ಮನೆಯಲ್ಲೇ ಇದ್ದೇನೆ. ಮಾವನ ಕಾರುಬಾರನ್ನು ನಾನು ನಟಿಸಿದಾಗ ಎಲ್ಲರಿಗಿಂತ ಜೋರಾಗಿ ನಗುವವರು ಮಾವನೇ. ಅಲಮೇಲು ಅತ್ತೆ ಮಾತ್ರ ಆಗೆಲ್ಲ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು.

ಅತ್ತೆ ಪ್ರತಿ ಶನಿವಾರ ಮಲ್ಲೇಶ್ವರಕ್ಕೆ ಹೋಗುತ್ತಾರೆ. ಅಲ್ಲಿ ಅವರ ಅಕ್ಕ ಹಂಸಮ್ಮ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ. ಅಕ್ಕನ ಮಂಡಿಯುದ್ದದ ಕೂದಲಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿ, ಗಾಂಧಿ ಬಜಾರಿನಿಂದ ಕೊಂಡೊಯ್ದ ಮಲ್ಲಿಗೆ ಮುಡಿಸಿ ಬರುವುದು ಅತ್ತೆಯ ವಾರದ ವ್ರತ. ಬೇರೆ ಯಾರು ಬಾಚಿದರೂ ಹಂಸಮ್ಮನಿಗೆ ತಲೆನೋವು. ಮೆಟ್ರೋದಲ್ಲಿ ಹೋಗಿ, ಇಳಿದು, ನಡೆದು ಹೋಗುತ್ತಿದ್ದ ಅತ್ತೆ ಒಮ್ಮೆ ಫುಟ್‌ಪಾತಿನ ಕಲ್ಲು ಎಡವಿ ಮಂಡಿ ಉಳುಕಿಸಿಕೊಂಡರು. ಮೆಟ್ಟಿಲು ಹತ್ತಬೇಡಿ, ನಡೆಯಬೇಡಿ ಎಂದರು ಡಾಕ್ಟರು. ಶನಿವಾರ ನಿಂತಿತು. ಮಲ್ಲೇಶ್ವರದಲ್ಲಿ ಕೂದಲು ಗಂಟು ಕಟ್ಟಿತು.

"ಅಲಮು," ಎಂದರು ಹಂಸಮ್ಮ ಫೋನಿನಲ್ಲಿ, "ಸೊಸೆ ಕತ್ತರಿಸಿಬಿಡೋಣ ಅಂತಿದಾಳೆ. ಪಾಪ, ಅವಳದ್ದೇನೂ ತಪ್ಪಿಲ್ಲ. ನೀನು ಬರೋದಾದ್ರೆ ತಡೀತೀನಿ."

"ಬರ್ತೀನಿ ಅಕ್ಕ, ತಡಿ," ಎಂದು ಅತ್ತೆ ಫೋನಿಟ್ಟು ಕಣ್ಣೊರೆಸಿಕೊಂಡರು.

"ಕಾರಿದೆಯಲ್ಲ ಅಲಮೇಲು, ನಾನೇ ಬಿಡ್ತೀನಿ," ಎಂದರು ಮಾವ.

"ಯಾಕೆ ಸುಮ್ನೆ? ಪೆಟ್ರೋಲು ದಂಡ," ಎಂದರು ಅತ್ತೆ.

ನಮ್ಮ ಮನೆಯಲ್ಲಿ ಯಾರೂ 'ಬೇಡ' ಎನ್ನುವುದಿಲ್ಲ. 'ಯಾಕೆ ಸುಮ್ನೆ' ಎನ್ನುತ್ತಾರೆ. ಆ ಮಾತಿನ ಹಿಂದೆ ಬರುವ ಕಾರಣ ಬಾಗಿಲ ಮುಂದಿನ ರಂಗೋಲಿಯ ಹಾಗೆ, ನೋಡುವುದಕ್ಕೆ ಮಾತ್ರ. ಅದರ ಮೇಲೆ ಕಾಲಿಡಬಾರದು. ಕ್ಯಾಬ್ ಹಿಡಿಯೋಣ ಎಂದು ನಾನು ಬಾಯಿ ತೆರೆದರೆ ಮಾವನ ಮುಖ ಬಾಡಿತು: "ಮನೇಲಿ ಕಾರು ನಿಂತಿರುವಾಗ ಬಾಡಿಗೆ ಕಾರಾ?"

ಅಡುಗೆಮನೆಯಲ್ಲಿ ಅತ್ತೆಯನ್ನು ಹಿಡಿದೆ. "ನಿಜ ಹೇಳಿ ಅತ್ತೆ. ಪೆಟ್ರೋಲಾ?"

ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಲೇ ಹೇಳಿದರು. "ಮದ್ವೆಯಾದಾಗಿಂದ ಇವರು ನನ್ನ ಮೇಲೆ ಒಂದು ಸಲ ದನಿ ಎತ್ತಿಲ್ಲ ಕಣೆ. ಆ ಕಾರಲ್ಲಿ ಕೂತ್ರೆ... ಬೈಯೋದು ಆಟೋದವನ್ನ, ಗೊತ್ತು ನಂಗೆ. ಆದ್ರೂ ಯಾರೋ ಬೇರೆಯವರ ಪಕ್ಕ ಕೂತಂಗಾಗತ್ತೆ. ಎದೆ ಡವಡವ ಅನ್ನತ್ತೆ."

"ಹೇಳ್ಬಾರ್ದಾ ಅವರಿಗೆ?"

"ಹೇಳಿದ್ರೆ ಅವತ್ತೇ ಕಾರು ಮಾರ್ಬಿಡ್ತಾರೆ. ಅವರಿಗಿರೋ ಸಂತೋಷ ಅದೊಂದೇ. ನೀನೂ ಹೇಳ್ಕೂಡ್ದು."

ಮಾವನಾದರೋ ರಂಗೋಲಿಯ ಮೇಲೆ ಎರಡೂ ಕಾಲಿಟ್ಟಿದ್ದರು. ಹೆಂಡತಿಯ ಚಿಂತೆ ಪೆಟ್ರೋಲು. ಹಾಗಿದ್ದರೆ ಪೆಟ್ರೋಲು ಉಳಿಸಬೇಕು. ಯೂಟ್ಯೂಬಿನಲ್ಲಿ ಮುಳುಗಿದವರು ಜಲಜನಕದೊಂದಿಗೆ ಎದ್ದರು.

"ನೋಡು ಪ್ರಿಯಾ, ನೀರಿಗೆ ಬ್ಯಾಟರಿ ಕರೆಂಟು ಕೊಟ್ರೆ ಹೈಡ್ರೋಜನ್ ಗುಳ್ಳೆಗುಳ್ಳೆಯಾಗಿ ಏಳತ್ತೆ. ಅದನ್ನ ಟ್ಯೂಬಲ್ಲಿ ಇಂಜಿನ್ ಗಾಳಿ ಎಳ್ಕೊಳ್ಳೋ ಜಾಗಕ್ಕೆ ಬಿಟ್ರಾಯ್ತು. ಪೆಟ್ರೋಲು ಕಮ್ಮಿ ಕುಡಿಯತ್ತೆ."

"ಬ್ಯಾಟರಿಗೆ ಕರೆಂಟು ಎಲ್ಲಿಂದ ಮಾವ?"

"ಇಂಜಿನ್ನಿಂದ."

"ಇಂಜಿನ್ನಿಗೆ?"

"ಪೆಟ್ರೋಲಿಂದ..." ಮಾವ ಸ್ವಲ್ಪ ತಡೆದರು. "ನೀನು ಹಿಸ್ಟರಿ ಟೀಚರು. ಸುಮ್ನಿರು."

ಅತ್ತೆಯ ಗಾಜಿನ ಉಪ್ಪಿನಕಾಯಿ ಜಾಡಿಯೊಂದು ಬಾನೆಟ್ಟಿನ ಕೆಳಗೆ ಸೇರಿತು. ಹಳೆಯ ಟಿಫನ್ ಕ್ಯಾರಿಯರಿನ ಮುಚ್ಚಳಗಳು ಅದರೊಳಗಿನ ತಗಡುಗಳಾದವು. ನೀರಿಗೆ ಅಡುಗೆ ಸೋಡಾ ಬಿತ್ತು. ಬರೀ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲವಂತೆ. ಗುಳ್ಳೆ ಏಳುವುದು ಕಣ್ಣಿಗೆ ಕಾಣಲಿ, ಕಿವಿಗೆ ಕೇಳಲಿ ಎಂದು ಜಾಡಿಯಿಂದ ಇಂಜಿನ್ನಿಗೆ ಹೋಗುವ ಕೊಳವೆಯನ್ನು ಡ್ಯಾಶ್‌ಬೋರ್ಡಿನ ಕೆಳಗಿಟ್ಟ ಪುಟ್ಟ ನೀರಿನ ಬಾಟಲಿಯೊಂದರ ಮೂಲಕ ಹಾಯಿಸಿದರು. ಗಾಡಿ ಸ್ಟಾರ್ಟ್ ಮಾಡಿದರೆ ಗುಳುಗುಳು ಗುಳುಗುಳು, ಮಗು ನಿದ್ದೆಯಲ್ಲಿ ನಕ್ಕ ಹಾಗೆ.

"ಇನ್ನು ಪೆಟ್ರೋಲು ದಂಡ ಅನ್ನೋ ಹಾಗಿಲ್ಲ," ಎಂದರು ಮಾವ ಜಂಬದಿಂದ. ಅತ್ತೆ ನನ್ನ ಮುಖ ನೋಡಿದರು. ಬೇರೆ ಕಾರಣ ಸಿದ್ಧವಿರಲಿಲ್ಲ. ಮಲ್ಲೇಶ್ವರದಲ್ಲಿ ಕತ್ತರಿ ಸಿದ್ಧವಿತ್ತು. ಮಲ್ಲಿಗೆ ಪೊಟ್ಟಣ ಹಿಡಿದು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಮೇಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡರು. ಧೈರ್ಯಕ್ಕೆ ನಾನು ಹಿಂದೆ ಕೂತೆ.

ಚಾಮರಾಜಪೇಟೆಯಲ್ಲಿ ಸ್ಕೂಟರಿನವನೊಬ್ಬ ಅಡ್ಡ ನುಗ್ಗಿದ. ಮಾವನ ಕೈ ಹಾರನ್ನಿನ ಕಡೆ ಹೋಯಿತು, ಅಲ್ಲೇ ನಿಂತಿತು.

"ಏನಾಯ್ತು ಮಾವ?"

"ಹಾರನ್ನಿಗೂ ಅದೇ ಬ್ಯಾಟರಿ. ಜಾಡಿಗೆ ಕರೆಂಟು ಕಮ್ಮಿ ಆಗತ್ತೆ. ಆಕ್ಸಿಲರೇಟರೂ ಜೋರಾಗಿ ಒತ್ತೋ ಹಾಗಿಲ್ಲ. ಶ್... ಮಾತಾಡ್ಬೇಡ, ಗುಳುಗುಳು ಕೇಳಿಸ್ಬೇಕು."

ಬೈಗುಳ ಬಾಯಿತನಕ ಬಂದಿದ್ದು ನನಗೆ ಕಂಡಿತು. ಮಾವ ಅದನ್ನು ನುಂಗಿ ಕಿವಿಯನ್ನು ಬಾಟಲಿಯ ಕಡೆಗೆ ವಾಲಿಸಿದರು. ಬೈದರೆ ಗುಳ್ಳೆ ಕೇಳಿಸುವುದಿಲ್ಲವಲ್ಲ! "ಹೋಗ್ಲಿ, ಪಾಪ," ಎಂದರು ಆ ಸ್ಕೂಟರಿನವನಿಗೆ, ಮನೆಯ ದನಿಯಲ್ಲಿ.

ಮೆಜೆಸ್ಟಿಕ್ ದಾಟುವ ಹೊತ್ತಿಗೆ ಅತ್ತೆ ಹಿಡಿ ಬಿಟ್ಟಿದ್ದರು.

ಅವತ್ತು ಹಂಸಮ್ಮನ ಕೂದಲು ಉಳಿಯಿತು. ವಾಪಸು ಬರುವಾಗ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದ ಮಾವ ಬಂಕಿನಲ್ಲೇ ಕುಣಿಯುವುದೊಂದು ಬಾಕಿ. "ಮೈಲೇಜು ಜಾಸ್ತಿ ಬಂದಿದೆ ಕಣ್ರೇ! ನೀರು ನೋಡಿ, ನೀರು!" ಜಾಸ್ತಿ ಬಂದಿದ್ದು ನಿಜ. ಅದು ಜಾಡಿಯ ನೀರಿನದೋ ಹದವಾಗಿ ಒತ್ತಿದ ಬಲಗಾಲಿನದೋ ಎಂದು ನಾನು ಕೇಳಲಿಲ್ಲ. ಹಿಸ್ಟರಿ ಟೀಚರು, ಸುಮ್ಮನಿದ್ದೆ.

ಹೀಗೆ ಶನಿವಾರಗಳು ಮರಳಿದವು. ಅತ್ತೆ ದಾರಿಯುದ್ದಕ್ಕೂ ಮಾತಾಡತೊಡಗಿದರು. ಯಾರ ಮನೆ ಕೆಡವಿ ಫ್ಲ್ಯಾಟು ಕಟ್ಟಿದರು, ಮೊದಲು ಇಲ್ಲಿ ಯಾವ ಮರವಿತ್ತು, ಹೀಗೆ. ಮಾವ ಮೆಲ್ಲಗೆ ಹೂಂಗುಟ್ಟುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಹೆಚ್ಚಾದ ಲಗೇಜಿನಂತೆ ಕೂತು ಸುಖಪಡುತ್ತಿದ್ದೆ.

ಆಮೇಲೊಂದು ಶನಿವಾರ ಹೊರಟಾಗಿನಿಂದಲೇ ಗುಳುಗುಳು ಕ್ಷೀಣವಾಗಿತ್ತು. ಓಕಳಿಪುರದ ಹತ್ತಿರ ಪೂರ್ತಿ ನಿಂತೇ ಹೋಯಿತು. ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತಿದೆ, ಮುಂದೆ ಆಟೋ ಅಡ್ಡ ನಿಂತಿದೆ. ಮಾವ ಬಾಟಲಿ ನೋಡಿದರು, ಆಟೋ ನೋಡಿದರು. ಕತ್ತಿನ ನರ ಉಬ್ಬಿತು. ಅತ್ತೆಯ ಕೈ ಮತ್ತೆ ಮೇಲಿನ ಹಿಡಿಗೆ ಹೋಯಿತು.

"ಏಯ್..." ಎಂದು ಮಾವ ಶುರುಮಾಡಿದ್ದೇ ತಡ, ನನ್ನ ಗಂಟಲು ನನ್ನನ್ನು ಕೇಳದೆ ಕೆಲಸ ಶುರುಮಾಡಿತು.

"ಗುಳುಗುಳುಗುಳು."

ಮಾವ ತಡೆದರು. ಆಲಿಸಿದರು. "ಆಹಾ, ಬಂತು," ಎಂದು ನಿಟ್ಟುಸಿರು ಬಿಟ್ಟು, ಆಟೋದವನಿಗೆ ಕೈಯಲ್ಲೇ 'ಹೋಗಪ್ಪಾ' ಎಂದರು.

ಅಲ್ಲಿಂದ ಮಲ್ಲೇಶ್ವರದವರೆಗೆ ತುಟಿ ಅಲ್ಲಾಡಿಸದೆ ಗುಳುಗುಟ್ಟಿದೆ. ಬಾಯಾರಿತು. ನೀರಿನ ಬಾಟಲಿ ತೊಡೆಯ ಮೇಲೇ ಇತ್ತು, ಕುಡಿದರೆ ಜಲಜನಕ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಮಗುವೊಂದು ನನ್ನನ್ನೇ ನೋಡಿ, ಅಮ್ಮನ ಸೆರಗು ಜಗ್ಗಿ, ತಾನೂ ಗುಳುಗುಳು ಎಂದಿತು.

ಹಂಸಮ್ಮನ ಮನೆಯಲ್ಲಿ ಚೊಂಬು ನೀರು ಗಟಗಟ ಕುಡಿಯುತ್ತಿದ್ದಾಗ ಅತ್ತೆ ಕಿವಿಯ ಹತ್ತಿರ ಬಂದರು. "ಕೊನೆಕೊನೆಗೆ ನಿನ್ನ ಗುಳ್ಳೆ ಸ್ವಲ್ಪ ದಪ್ಪ ಆಯ್ತು ಕಣೆ."

ಜಾಡಿಯ ಗುಳುಗುಳು ನಿಂತಿದ್ದರ ಕಾರಣ ಮುಂದಿನ ಶನಿವಾರ ಬೆಳಗ್ಗೆ ತಿಳಿಯಿತು. ನನಗೆ ಅವತ್ತು ಪರೀಕ್ಷೆಯ ಡ್ಯೂಟಿ, ಜೊತೆಗೆ ಹೋಗುವಂತಿರಲಿಲ್ಲ. ಹೊರಡುವ ಮೊದಲು ಮಾವ ಬಾನೆಟ್ಟು ಎತ್ತಿದರು. ಜಾಡಿ ಹೊಳೆಯುತ್ತಿತ್ತು. ಒಳಗಿನ ನೀರು ತಿಳಿಯಾಗಿತ್ತು. ಮಾವ ಒಂದು ಹನಿ ನಾಲಗೆಗೆ ಹಚ್ಚಿ ನೋಡಿದರು.

"ಇದು ನಮ್ಮನೆ ಫಿಲ್ಟರ್ ನೀರು."

"ಹೌದು," ಎಂದರು ಅತ್ತೆ. "ಹೋದ ವಾರ ಶುಕ್ರವಾರ ಕಾರು ತೊಳೆದು ಕುಂಕುಮ ಇಟ್ನಲ್ಲ, ಆಗ ನೋಡಿದ್ರೆ ಅದರಲ್ಲಿ ಕಂದು ನೀರು, ಗಲೀಜು. ಹುಣಸೆಹಣ್ಣು ಹಾಕಿ ಉಜ್ಜಿ, ಒಳ್ಳೇ ನೀರು ತುಂಬಿದೆ."

"ಸೋಡಾ?"

"ಸೋಡಾ ಯಾಕೆ ನೀರಿಗೆ?"

ಮಾವ ಜಾಡಿ ಹಿಡಿದು ನಿಂತರು. ಹೋದ ಶನಿವಾರ ಜಲಜನಕ ಹೆಚ್ಚುಕಮ್ಮಿ ಹುಟ್ಟಿಯೇ ಇರಲಿಲ್ಲ. ಆದರೂ ಸದ್ದು ಬಂದಿತ್ತು, ಮೈಲೇಜೂ ಬಂದಿತ್ತು. ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ತುಳಸಿ ಕಟ್ಟೆಯನ್ನು ಬಹಳ ಭಕ್ತಿಯಿಂದ ನೋಡತೊಡಗಿದೆ.

"ಯಾಕೆ ಅಲಮೇಲು?" ಎಂದರು ಮಾವ. ದನಿ ಪಕ್ಕದ ಕೋಣೆಗೂ ಕೇಳಿಸದಷ್ಟು ಸಣ್ಣದು. "ಪ್ರಿಯಾ ಯಾಕೆ ಹಾಗೆ ಮಾಡಿದ್ಳು?"

"ಯಾಕೆ ಸುಮ್ನೆ..." ಎಂದು ಶುರುಮಾಡಿದ ಅತ್ತೆ ನಿಲ್ಲಿಸಿದರು. ಮಲ್ಲಿಗೆ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ನೀವು ಯಾರನ್ನೂ ಬೈಯದೆ ಓಡಿಸ್ತೀರಲ್ಲ, ಅದಕ್ಕೇ ನಾನು ಬರ್ತಿದ್ದಿದ್ದು. ಪೆಟ್ರೋಲಿಗಲ್ಲ ರೀ. ನೀವು ಬೈಯುವಾಗ ನಂಗೆ ಭಯ ಆಗತ್ತೆ."

ಮಾವ ಕೊಳವೆ ಬಿಚ್ಚಿದರು, ತಂತಿ ಬಿಚ್ಚಿದರು. ಒಳಗೆ ಬಾಗಿ ಡ್ಯಾಶ್‌ಬೋರ್ಡಿನ ಕೆಳಗಿನ ಪುಟ್ಟ ಬಾಟಲಿಯನ್ನೂ ತೆಗೆದರು. ಜಾಡಿಯನ್ನು ನನ್ನ ಕೈಗಿತ್ತು, "ಒಳಗಿಡು. ನಿಂಬೆಹಣ್ಣು ಸೀಸನ್ನು ಬರ್ತಿದೆ," ಎಂದರು. ಕಾರಿನ ಕೀಲಿಯನ್ನೂ ನನ್ನ ಕೈಗೇ ಕೊಡುತ್ತಾರೇನೋ ಎಂದು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅತ್ತೆಯೂ ಕೀಲಿಯನ್ನೇ ನೋಡುತ್ತಿದ್ದರು.

ಮಾವ ಹೋಗಿ ಎಡಬದಿಯ ಬಾಗಿಲು ತೆರೆದು ಹಿಡಿದರು. "ಅಕ್ಕ ಕಾಯ್ತಿರ್ತಾರೆ. ಹತ್ತು."

ಅತ್ತೆ ಕೂತರು. ಕೈ ಅಭ್ಯಾಸದಿಂದ ಮೇಲಿನ ಹಿಡಿಯ ಕಡೆ ಹೋಯಿತು.

ಕಾರು ಗೇಟು ದಾಟಿತಷ್ಟೆ, ತಿರುವಿನಿಂದ ಡೆಲಿವರಿ ಬೈಕೊಂದು ಸುಯ್ಯನೆ ಬಂದು ಬಂಪರಿಗೆ ಮುತ್ತಿಡುವಷ್ಟು ಹತ್ತಿರ ಹಾದುಹೋಯಿತು. ಬ್ರೇಕು ಕಿರುಗುಟ್ಟಿತು. ಜಾಡಿ ಅಪ್ಪಿಕೊಂಡು ಗೇಟಿನಲ್ಲಿ ನಿಂತಿದ್ದ ನಾನು ಹಾರನ್ನಿಗಾಗಿ ಕಾದೆ. 'ರೋಡು ನಿಮ್ಮ ತಾತಂದಾ'ಗಾಗಿ ಕಾದೆ.

ತೆರೆದ ಕಿಟಕಿಯಿಂದ ಮಾವನ ಗಂಟಲು ಕೇಳಿಸಿತು.

"ಗುಳು... ಗುಳು... ಗುಳು..."

ಮಿಮಿಕ್ರಿ ತೀರಾ ಕಳಪೆ. ಒಂದು ಗುಳ್ಳೆಯೂ ಇನ್ನೊಂದರ ಹಾಗಿರಲಿಲ್ಲ, ನಡುವೆ ಕೆಮ್ಮು ಬೇರೆ. ಅದರ ಮೇಲೆ ಅತ್ತೆಯ ನಗು ಬಿತ್ತು. ಕಾರು ಆತುರವಿಲ್ಲದೆ ಚಾಮರಾಜಪೇಟೆಯ ಕಡೆ ಹೊರಟಿತು. ಕಾರಿನ ಹಿಂದಿನ ಗಾಜಿನ ಮೂಲಕ ನೋಡಿದೆ. ಮೇಲಿನ ಹಿಡಿ ಖಾಲಿ ಅಲ್ಲಾಡುತ್ತಿತ್ತು.